ಇಂತಿಕಾಲ್

ಇಂತಿಕಾಲ್ ಎಂಬುದು ಅರಬ್ಬೀ ಮೂಲದ ನಾಮಪದ. ಇದರ ಮೂಲಾರ್ಥ 'ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವುದು'. ಉರ್ದುವಿನಲ್ಲಿ ಈ ಪದಕ್ಕೆ ಮುಖ್ಯವಾಗಿ ಎರಡು ಅರ್ಥಗಳು ರೂಢಿಯಲ್ಲಿವೆ: ಒಂದು, ಮರಣ, ಇನ್ನೊಂದು, ಆಸ್ತಿ, ಅಧಿಕಾರ ಅಥವಾ ಹಕ್ಕಿನ ವರ್ಗಾವಣೆ. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿ ಸೀಮೆಯಲ್ಲಿ ಉರ್ದು ಆಡಳಿತಭಾಷೆಯಾಗಿತ್ತು. ಆದ್ದರಿಂದ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕನ್ನಡಿಗರಿಗೆ ಈ ಪದ ಎರಡು ದಾರಿಗಳಿಂದ ಪರಿಚಿತವಾಯಿತು. ನೆರೆಮನೆಯ ಸಾವಿನ ಸುದ್ದಿಯಲ್ಲಿ ಕಿವಿಗೆ ಬಿದ್ದದ್ದು ಒಂದು ದಾರಿ, ಹಳೆಯ ಕಾಗದಪತ್ರಗಳಲ್ಲಿ ಕಣ್ಣಿಗೆ ಬಿದ್ದದ್ದು ಇನ್ನೊಂದು.

ಉಚ್ಚಾರಣೆ ಮತ್ತು ಬರವಣಿಗೆ

ಮೂಲದಲ್ಲಿ ಈ ಪದದ 'ಕ' ಗಂಟಲಿನ ಆಳದಿಂದ ಹೊರಡುವ ಧ್ವನಿ. ಕನ್ನಡ ವರ್ಣಮಾಲೆಯಲ್ಲಿ ಅದಕ್ಕೆ ಪ್ರತ್ಯೇಕ ಅಕ್ಷರವಿಲ್ಲ. ಅರಬ್ಬೀಯ 'ಹಕ್' ಕನ್ನಡದಲ್ಲಿ 'ಹಕ್ಕು' ಆದಂತೆ ಇಲ್ಲಿಯೂ ಅದು ಸಾಮಾನ್ಯ ಕಕಾರವಾಗಿ ನಿಲ್ಲುತ್ತದೆ. ಆದರೆ ಕಲಬುರಗಿ, ಬೀದರ, ಹೈದರಾಬಾದು ಪ್ರದೇಶಗಳ ದಖನಿ ಉರ್ದುವಿನಲ್ಲಿ ಈ ಧ್ವನಿ 'ಖ' ಆಗಿ ಮಾರ್ಪಡುತ್ತದೆ. 'ಕಾಜಿ' ಎಂಬುದನ್ನು ಇಲ್ಲಿನವರು 'ಖಾಜಿ' ಎನ್ನುವುದು ಇದೇ ಕಾರಣದಿಂದ. ಹೀಗಾಗಿ ದಖನಿ ಮಾತನಾಡುವವರ ಬಾಯಲ್ಲಿ ಈ ಪದ 'ಇಂತೆಖಾಲ್' ಎಂದು ಕೇಳಿಸುತ್ತದೆ. ಚುನಾವಣೆ, ಆಯ್ಕೆ ಎಂಬರ್ಥದ 'ಇಂತಿಖಾಬ್' ಬೇರೆಯೇ ಧಾತುವಿನಿಂದ ಬಂದ ಪದ. ಉಚ್ಚಾರಣೆ ಹತ್ತಿರವಾಗಿರುವುದರಿಂದ ಎರಡನ್ನೂ ಒಂದೆಂದು ಭಾವಿಸಬಾರದು.

ವ್ಯುತ್ಪತ್ತಿ

ಅರಬ್ಬೀ ಭಾಷೆಯಲ್ಲಿ ಹೆಚ್ಚಿನ ಪದಗಳು ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಇಂತಿಕಾಲ್ ಪದದ ಧಾತು 'ನ್-ಕ್-ಲ್'. ಒಂದು ವಸ್ತುವನ್ನು ಎತ್ತಿ ಬೇರೆಡೆಗೆ ಒಯ್ಯುವುದು, ಸಾಗಿಸುವುದು ಎಂಬುದು ಅದರ ಅರ್ಥ. ಈ ಧಾತುವಿನ ಇನ್ನೊಂದು ಪದವನ್ನು ಕನ್ನಡಿಗರೆಲ್ಲರೂ ದಿನವೂ ಬಳಸುತ್ತಾರೆ. ಅದೇ 'ನಕಲು'. ಒಂದು ಹಾಳೆಯಲ್ಲಿರುವುದನ್ನು ಇನ್ನೊಂದು ಹಾಳೆಗೆ ಸಾಗಿಸಿದರೆ ಅದು ನಕಲು. ಅದರಿಂದಲೇ 'ನಕಲಿ' ಎಂಬ ಗುಣವಾಚಕವೂ ಬಂದಿದೆ. ಪರೀಕ್ಷೆಯ ಕೋಣೆಯಲ್ಲಿ ಪಕ್ಕದವನ ಉತ್ತರಪತ್ರಿಕೆಯಿಂದ ನಕಲು ಮಾಡುವ ವಿದ್ಯಾರ್ಥಿ, ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕುವ ರೈತ, ಇಂತಿಕಾಲ್ ಎಂದು ಸಾವಿನ ಸುದ್ದಿ ಮುಟ್ಟಿಸುವ ನೆರೆಯವರು, ಈ ಮೂವರೂ ಒಂದೇ ಧಾತುವನ್ನು ಬಳಸುತ್ತಿದ್ದಾರೆಂಬುದು ಭಾಷೆಯ ವಿನೋದ. ಉರ್ದುವಿನ ಕಾನೂನು ಪರಿಭಾಷೆಯಲ್ಲಿ ಚರಾಸ್ತಿಗೆ 'ಜಾಯದಾದೆ ಮನ್‌ಕೂಲಾ' (ಸಾಗಿಸಬಹುದಾದ ಆಸ್ತಿ), ಸ್ಥಿರಾಸ್ತಿಗೆ 'ಗೈರ್ ಮನ್‌ಕೂಲಾ' ಎಂದು ಹೆಸರು. ಅವೂ ಇದೇ ಕುಟುಂಬದವು.

ಧಾತುವಿನ ಮೊದಲ ವ್ಯಂಜನದ ನಂತರ 'ತ' ಕಾರವನ್ನು ಸೇರಿಸಿ ನಾಮಪದ ಕಟ್ಟುವ ಒಂದು ಅಚ್ಚು ಅರಬ್ಬೀ ವ್ಯಾಕರಣದಲ್ಲಿದೆ. ನ್-ಜ್-ಮ್ ಧಾತುವಿನಿಂದ 'ಇಂತಿಜಾಮ್' (ವ್ಯವಸ್ಥೆ), ನ್-ಜ್-ರ್ ಧಾತುವಿನಿಂದ 'ಇಂತಿಜಾರ್' (ಕಾಯುವಿಕೆ), ಮ್-ಹ್-ನ್ ಧಾತುವಿನಿಂದ 'ಇಮ್ತಿಹಾನ್' (ಪರೀಕ್ಷೆ) ಹುಟ್ಟಿರುವುದು ಈ ಅಚ್ಚಿನಲ್ಲಿಯೇ. 'ನಿಜಾಮ' ಮತ್ತು 'ಇಂತಿಜಾಮ್' ಒಂದೇ ಧಾತುವಿನ ಪದಗಳು. ಹಾಗೆಯೇ 'ನಕಲು' ಮತ್ತು 'ಇಂತಿಕಾಲ್' ಕೂಡ. ಈ ಅಚ್ಚಿನಲ್ಲಿ ಕ್ರಿಯೆಯು ಹಲವೊಮ್ಮೆ ಕರ್ತೃವಿನ ಮೇಲೆಯೇ ತಿರುಗುತ್ತದೆ. ಮೂಲ ಕ್ರಿಯಾಪದ 'ಸಾಗಿಸಿದನು' ಎಂಬುದಾದರೆ, ಈ ಅಚ್ಚಿನದು 'ತಾನೇ ಸಾಗಿದನು' ಎಂದಾಗುತ್ತದೆ. ಮರಣದ ಅರ್ಥ ಬೆಳೆಯಲು ಈ ಸೂಕ್ಷ್ಮವೇ ಎಡೆ ಮಾಡಿಕೊಟ್ಟಿತು.

'ಅಂತಕಾಲ'ದೊಡನೆ ಗೊಂದಲ

ಕನ್ನಡದ ಕಿವಿಗೆ ಈ ಪದ 'ಇಂತ-ಕಾಲ' ಎಂದು ಒಡೆದು ಕೇಳಿಸುತ್ತದೆ. ಸಾವನ್ನು 'ಕಾಲವಾದರು' ಎಂದು ಹೇಳುವ ರೂಢಿ ನಮ್ಮಲ್ಲಿದೆ. ಸಂಸ್ಕೃತದ 'ಅಂತಕಾಲ' ಎಂಬ ಪದವೂ ಕೊನೆಗಾಲವನ್ನೇ ಸೂಚಿಸುತ್ತದೆ. ಯಮನಿಗೆ 'ಅಂತಕ', 'ಕಾಲ' ಎಂಬ ಎರಡೂ ಹೆಸರುಗಳಿವೆ. ಅರ್ಥವೂ ಧ್ವನಿಯೂ ಇಷ್ಟು ಹತ್ತಿರವಾಗಿರುವಾಗ ಇಂತಿಕಾಲ್ ಎಂಬುದು ಅಂತಕಾಲದ ಅಪಭ್ರಂಶವೆಂದು ಊಹಿಸುವುದು ಸಹಜವೇ. ಆದರೆ ಆ ಊಹೆ ನಿಲ್ಲುವುದಿಲ್ಲ. ಅಂತಕಾಲವು 'ಅಂತ' ಮತ್ತು 'ಕಾಲ' ಎಂಬ ಎರಡು ಸಂಸ್ಕೃತ ಪದಗಳ ಸಮಾಸ. ಇಂತಿಕಾಲ್ ಸಮಾಸವೇ ಅಲ್ಲ. ಅದರಲ್ಲಿನ 'ಕಾಲ್' ಎಂಬ ಭಾಗಕ್ಕೆ ಪ್ರತ್ಯೇಕ ಅರ್ಥವಿಲ್ಲ. ಮರಣದೊಂದಿಗೆ ಯಾವ ಸಂಬಂಧವೂ ಇಲ್ಲದ 'ಭೂಮಿಯ ಇಂತಿಕಾಲ್', 'ಅಧಿಕಾರದ ಇಂತಿಕಾಲ್' ಎಂಬ ಪ್ರಯೋಗಗಳಿರುವುದೇ ಇದಕ್ಕೆ ಸಾಕಷ್ಟು ಸಾಕ್ಷಿ. ಜನಪದ ವ್ಯುತ್ಪತ್ತಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮರಣಾರ್ಥ

ಅರಬ್ಬೀಯಲ್ಲಿ ಒಬ್ಬರು ತೀರಿಕೊಂಡಾಗ 'ದೇವರ ಕರುಣೆಯ ಕಡೆಗೆ ಸಾಗಿದರು' ಎಂಬ ನುಡಿಗಟ್ಟನ್ನು ಬಳಸುತ್ತಾರೆ. ಉರ್ದುವಿನಲ್ಲಿ 'ಕಡೆಗೆ' ಎಂಬ ಭಾಗ ಕಳಚಿ ಬರಿಯ 'ಸಾಗಿದರು' ಎಂಬುದೇ ಮರಣವನ್ನು ಹೇಳಲು ಸಾಕಾಯಿತು. 1884ರಲ್ಲಿ ಪ್ರಕಟವಾದ ಜಾನ್ ಪ್ಲಾಟ್ಸ್ ಅವರ ಉರ್ದು ನಿಘಂಟು ಸ್ಥಳಾಂತರ, ವರ್ಗಾವಣೆ ಮತ್ತು ಮರಣ ಎಂಬ ಅರ್ಥಗಳನ್ನು ಒಂದೇ ನಮೂದಿನಡಿ ಕೊಡುತ್ತದೆ. ಉರ್ದುವಿನಲ್ಲಿ ಸಾವಿಗೆ ನೇರವಾದ ಪದ 'ಮೌತ್'. ಅದು ಒರಟಾಗಿ ಕೇಳಿಸುವುದರಿಂದ ಹಿರಿಯರ ವಿಷಯದಲ್ಲಿ ಅದನ್ನು ತಪ್ಪಿಸಿ ಇಂತಿಕಾಲ್ ಎನ್ನುತ್ತಾರೆ. ಇನ್ನಷ್ಟು ಗೌರವಕ್ಕೆ 'ವಫಾತ್', 'ರಿಹಲತ್' ಎಂಬ ಪದಗಳಿವೆ. ವಫಾತ್ ಪದದ ಧಾತುವಿಗೆ ಪೂರ್ಣಗೊಳ್ಳುವುದೆಂಬ ಅರ್ಥವಿದೆ. ರಿಹಲತ್ ಎಂದರೆ ಪ್ರಯಾಣ.

ಸೂಫಿ ಸಂತರ ವಿಷಯದಲ್ಲಿ ಇಂತಿಕಾಲ್ ಎನ್ನುವುದೂ ಕಡಿಮೆ. ಅವರ ಮರಣವನ್ನು 'ವಿಸಾಲ್' (ಮಿಲನ) ಎಂದು ಕರೆದು, ಆ ದಿನವನ್ನು ಪ್ರತಿವರ್ಷ ಉರುಸಾಗಿ ಆಚರಿಸುತ್ತಾರೆ. 'ಉರ್ಸ್' ಎಂದರೆ ಮದುವೆ. 1422ರಲ್ಲಿ ಕಲಬುರಗಿಯಲ್ಲಿ ದೇಹವಿಟ್ಟ ಖ್ವಾಜಾ ಬಂದೇನವಾಜರ ಉರುಸು, ಆಳಂದದ ಲಾಡ್ಲೆ ಮಶಾಯಕರ ಉರುಸು ಈ ಭಾವನೆಯಲ್ಲಿಯೇ ನಡೆಯುತ್ತ ಬಂದಿವೆ. ಇದೇ ಸೀಮೆಯ ಶರಣ ಸಂಪ್ರದಾಯದಲ್ಲಿ ಮಠಾಧೀಶರೂ ಭಕ್ತರೂ 'ಲಿಂಗೈಕ್ಯ'ರಾಗುತ್ತಾರೆ. ವಿಸಾಲ್ ಮತ್ತು ಐಕ್ಯ ಎಂಬ ಪದಗಳ ತತ್ತ್ವಗಳು ಬೇರೆ ಬೇರೆ. ಆದರೆ ಸಾವನ್ನು ಅಗಲಿಕೆಯೆನ್ನದೆ ಕೂಡಿಕೆಯೆಂದು ಕಾಣುವ ದೃಷ್ಟಿ ಎರಡರಲ್ಲೂ ಒಂದೇ. ಮಾದನಹಿಪ್ಪರಗಾದಂತಹ ಊರಿನಲ್ಲಿ ಎರಡೂ ಮಾತುಗಳು ಅಕ್ಕಪಕ್ಕದಲ್ಲಿಯೇ ಬಾಳುತ್ತಿವೆ.

ಸಾವನ್ನು ಚಲನೆಯಾಗಿ ಕಾಣುವುದು ಅರಬ್ಬೀಗೆ ಮಾತ್ರ ಸೇರಿದ್ದಲ್ಲ. 'ದಿವಂಗತ' ಎಂದರೆ ಸ್ವರ್ಗಕ್ಕೆ ಹೋದವನು. 'ಗತಿಸು' ಎಂಬುದರ ಮೂಲದಲ್ಲಿರುವುದು 'ಗತ', ಅಂದರೆ ಹೋದದ್ದು. ಇಂದು ಭಯ ಹುಟ್ಟಿಸುವ 'ಪ್ರೇತ' ಎಂಬ ಪದವನ್ನು ಬಿಡಿಸಿದರೆ 'ಪ್ರ + ಇತ', ಮುಂದಕ್ಕೆ ಹೋದವನು ಎಂದಷ್ಟೇ ಆಗುತ್ತದೆ. ಅಚ್ಚಕನ್ನಡದಲ್ಲಿಯೂ 'ಹೋದರು' ಎಂದರೆ ಸಾಕು, ಎಲ್ಲಿಗೆಂದು ಯಾರೂ ಕೇಳುವುದಿಲ್ಲ. 'ತೀರಿಕೊಂಡರು' ಎಂಬ ಮಾತು ಮಾತ್ರ ಮುಗಿಯುವಿಕೆಯನ್ನು ಹೇಳುತ್ತದೆ. ಅದು ವಫಾತ್ ಪದದ ಗುಂಪಿಗೆ ಹತ್ತಿರವಾದದ್ದು. ಶವಸಂಸ್ಕಾರಕ್ಕೆ ಹೋಗುವುದನ್ನು 'ಮಣ್ಣಿಗೆ ಹೋಗುವುದು' ಎನ್ನುವ ಉತ್ತರ ಕರ್ನಾಟಕದ ಮಾತಿನಲ್ಲಿ ಯಾವ ಮುಸುಕೂ ಇಲ್ಲ.

ವರ್ಗಾವಣೆಯ ಅರ್ಥ

ಇಂದಿನ ಕನ್ನಡದಲ್ಲಿ ವರ್ಗಾವಣೆ ಎಂದೊಡನೆ ನೆನಪಾಗುವುದು ನೌಕರರ ವರ್ಗಾವಣೆ. ಉರ್ದುವಿನಲ್ಲಿ ಅದಕ್ಕೆ 'ತಬಾದಲಾ' ಎಂಬ ಬೇರೆ ಪದವಿದೆ. ಕಲಬುರಗಿ ಕಡೆಯ 'ಬದ್ಲಿ' ಕೂಡ ಅದೇ ಧಾತುವಿಗೆ ಸೇರಿದ್ದು. ಒಬ್ಬ ಶಿಕ್ಷಕರು ಜೇವರ್ಗಿಯಿಂದ ಅಫಜಲಪುರಕ್ಕೆ ವರ್ಗವಾದರೆ ಅದು ತಬಾದಲಾ. ಅಲ್ಲಿ ಇಂತಿಕಾಲ್ ಎಂದರೆ ಕೇಳಿದವರು ಕಣ್ಣೀರಿಡುತ್ತಾ ಬಂದಾರು.

ಆಸ್ತಿ, ಹಕ್ಕು ಮತ್ತು ಅಧಿಕಾರಗಳ ವಿಷಯದಲ್ಲಿ ಮಾತ್ರ ಇಂತಿಕಾಲ್ ಸರಿಯಾದ ಪದ. 1882ರ ಸ್ವತ್ತು ವರ್ಗಾವಣೆ ಅಧಿನಿಯಮವನ್ನು ಉರ್ದುವಿನಲ್ಲಿ 'ಕಾನೂನೆ ಇಂತಿಕಾಲೆ ಜಾಯದಾದ್' ಎನ್ನುತ್ತಾರೆ. ಪಂಜಾಬಿನಲ್ಲಿ ಸಾಲಗಾರ ರೈತರ ಜಮೀನು ಲೇವಾದೇವಿಗಾರರ ಪಾಲಾಗುವುದನ್ನು ತಡೆಯಲು 1900ರಲ್ಲಿ ಬಂದ ಕಾಯಿದೆಗೆ 'ಕಾನೂನೆ ಇಂತಿಕಾಲೆ ಅರಾಜಿ' ಎಂಬ ಹೆಸರು ('ಅರಾಜಿ' ಎಂದರೆ ಜಮೀನುಗಳು). ಇಂದಿಗೂ ಭಾರತ ಮತ್ತು ಪಾಕಿಸ್ತಾನದ ಎರಡೂ ಪಂಜಾಬುಗಳಲ್ಲಿ ಪಟವಾರಿ ಬರೆಯುವ ಹಕ್ಕು ಬದಲಾವಣೆಯ ದಾಖಲೆಗೆ ಇಂತಕಾಲ್ ಎಂದೇ ಹೆಸರು. ಅಲ್ಲಿ ಜೀವಂತವಾಗಿರುವ ವ್ಯಕ್ತಿ ತನ್ನ ಹೊಲ ಮಾರಿದರೂ ಇಂತಕಾಲ್ ಆಗುತ್ತದೆ. ತೀರಿಕೊಂಡು ಹೊಲ ಮಕ್ಕಳಿಗೆ ಬಂದರೂ ಇಂತಕಾಲ್ ಆಗುತ್ತದೆ.

ಉರ್ದು ಪಠ್ಯವನ್ನು ಓದುವಾಗ ಯಾವ ಅರ್ಥವೆಂದು ತಿಳಿಯಲು ಹಿಂದಿನ ಷಷ್ಠೀ ಪದವನ್ನು ನೋಡಬೇಕು. ವ್ಯಕ್ತಿಯ ಇಂತಿಕಾಲ್ ಎಂದಿದ್ದರೆ ಮರಣ. ಜಮೀನು, ಮನೆ, ಹಕ್ಕು, ಅಧಿಕಾರ ಇವುಗಳ ಇಂತಿಕಾಲ್ ಎಂದಿದ್ದರೆ ವರ್ಗಾವಣೆ. 'ಇಂತಿಕಾಲೆ ಖೂನ್' ಎಂದಿದ್ದರೆ ಅದು ರಕ್ತ ನೀಡಿಕೆ, ಪ್ರಾಣ ಉಳಿಸುವ ಕೆಲಸ. ಇದೇ ಧಾತುವಿನ 'ಮುಂತಕಿಲ್' ಎಂಬ ವಿಶೇಷಣ ವ್ಯಕ್ತಿಗಳಿಗೂ ಸಲ್ಲುತ್ತದೆ. ಒಂದು ಕುಟುಂಬ ಹೈದರಾಬಾದಿಗೆ ಮುಂತಕಿಲ್ ಆಯಿತು ಎಂದರೆ ಅದು ವಾಸಸ್ಥಳ ಬದಲಿಸಿತು ಎಂದಷ್ಟೇ ಅರ್ಥ.

ಇತರ ಭಾಷೆಗಳಲ್ಲಿ

ಮರಣಾರ್ಥ ಉರ್ದುವಿನಲ್ಲಿ ಬಲವಾದಷ್ಟು ಬೇರೆಡೆ ಬಲವಾಗಿಲ್ಲ. ಇಂದಿನ ಫಾರಸಿಯಲ್ಲಿ 'ಎಂತೆಕಾಲ್' ಎಂದರೆ ಮುಖ್ಯವಾಗಿ ವರ್ಗಾವಣೆ. 1974ರಲ್ಲಿ ಸ್ಥಾಪನೆಯಾದ ಇರಾನಿನ ರಾಷ್ಟ್ರೀಯ ರಕ್ತ ಪೂರೈಕೆ ಸಂಸ್ಥೆಯ ಹೆಸರಿನಲ್ಲಿಯೇ ಈ ಪದವಿದೆ. ತುರ್ಕಿಯಲ್ಲಿ ಉತ್ತರಾಧಿಕಾರ ತೆರಿಗೆಯ ಹೆಸರು 'ವೆರಾಸೆತ್ ವೆ ಇಂತಿಕಾಲ್ ವೆರ್ಗಿಸಿ'. ಅರಬ್ಬೀ ಪತ್ರಿಕೆಗಳಲ್ಲಿ 'ಇಂತಿಕಾಲಿ' ಎಂದರೆ ಸಂಕ್ರಮಣ ಕಾಲದ, ಮಧ್ಯಂತರದ ಎಂದು. 2017ರಲ್ಲಿ ಯೆಮೆನ್ ದೇಶದ ದಕ್ಷಿಣ ಭಾಗದಲ್ಲಿ ರಚನೆಯಾದ ಮಂಡಳಿಯ ಹೆಸರಿನಲ್ಲಿ ಈ ವಿಶೇಷಣವನ್ನು ಕಾಣಬಹುದು.

ಇಂಗ್ಲಿಷಿನ 'ಡಿಮೈಸ್' ಎಂಬ ಪದಕ್ಕೂ ಇಂತಹುದೇ ಇಬ್ಬಗೆಯ ಬಾಳು. ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದ ಈ ಪದಕ್ಕೆ ಬಿಟ್ಟುಕೊಡು, ಕಳುಹಿಸು ಎಂಬ ಅರ್ಥವಿತ್ತು. ಕಾನೂನಿನಲ್ಲಿ ಗೇಣಿಯಿಂದಲೋ ಉಯಿಲಿನಿಂದಲೋ ಸ್ವತ್ತನ್ನು ಇನ್ನೊಬ್ಬರಿಗೆ ವಹಿಸುವುದೇ ಡಿಮೈಸ್. ಅರಸ ಸತ್ತಾಗ ಕಿರೀಟ ವಾರಸುದಾರನಿಗೆ ಹೋಗುವುದನ್ನೂ ಹಾಗೆಯೇ ಕರೆದರು. ಬ್ರಿಟನ್ನಿನಲ್ಲಿ 1901ರಲ್ಲಿ ಈ ಹೆಸರಿನ ಒಂದು ಕಾಯಿದೆಯೇ ಬಂದಿತು. ಸಾವಿನಿಂದ ಆಗುವ ವರ್ಗಾವಣೆಯ ಹೆಸರು ಮುಂದೆ ಸಾವಿಗೇ ಅಂಟಿಕೊಂಡಿತು. ಇಂಗ್ಲಿಷಿನಲ್ಲಿ ಬರೆದ ಬಾಡಿಗೆ ಕರಾರುಗಳಲ್ಲಿ 'ಡಿಮೈಸ್ಡ್ ಪ್ರೆಮಿಸಸ್' ಎಂಬುದನ್ನು ಕಂಡು ಬೆದರುವ ಕಾರಣವಿಲ್ಲ. ಅದು ಬಾಡಿಗೆಗೆ ಕೊಟ್ಟ ಕಟ್ಟಡ. ಎರಡು ಪದಗಳಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಡಿಮೈಸ್ ಪದದಲ್ಲಿ ಸಾಗುವುದು ಆಸ್ತಿ, ಸತ್ತವನಿಂದ ಬದುಕಿರುವವನ ಕಡೆಗೆ. ಇಂತಿಕಾಲ್ ಪದದ ಮರಣಾರ್ಥದಲ್ಲಿ ಸಾಗುವುದು ಸತ್ತವನೇ, ಆಸ್ತಿಯನ್ನು ಇಲ್ಲಿಯೇ ಬಿಟ್ಟು.

ಪೌತಿ, ವಿರಾಸತ್ ಮತ್ತು ವಾರಸಾ

ಕರ್ನಾಟಕದ ಕಂದಾಯ ಕಚೇರಿಗಳಲ್ಲಿ ಈ ಕೆಲಸಕ್ಕೆ ನೆಲೆನಿಂತ ಪದ ಇಂತಿಕಾಲ್ ಅಲ್ಲ, 'ಪೌತಿ'. ಖಾತೆದಾರ ತೀರಿಕೊಂಡ ಬಳಿಕ ವಾರಸುದಾರರ ಹೆಸರಿಗೆ ಖಾತೆ ಮಾಡುವುದು ಪೌತಿ ಖಾತೆ. ಇದರ ಮೂಲ ಅರಬ್ಬೀಯ 'ಫೌತ್'. ದಾಟಿ ಹೋಗುವುದು, ಕೈತಪ್ಪುವುದು ಎಂಬುದು ಅದರ ಮೊದಲ ಅರ್ಥ. ಮರಣ ಎಂಬುದು ಆಮೇಲೆ ಬಂದದ್ದು. 'ಫ' ಕಾರ ಕನ್ನಡದಲ್ಲಿ 'ಪ' ಆಗಿ ಪೌತಿ ರೂಪ ನಿಂತಿತು. ಫೌತಿ ಎಂದು ಬರೆಯುವವರೂ ಇದ್ದಾರೆ. ಹೈದರಾಬಾದ್ ಸಂಸ್ಥಾನದ ಉರ್ದು ದಾಖಲೆಗಳಲ್ಲಿ ಉತ್ತರಾಧಿಕಾರಕ್ಕೆ 'ವಿರಾಸತ್' ಎಂಬ ಪದವಿತ್ತು. ಅದೇ ಧಾತುವಿನ 'ವಾರಸಾ', 'ವಾರಸುದಾರ' ಎಂಬ ಪದಗಳು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ನಡೆಯುತ್ತವೆ. ಮಹಾರಾಷ್ಟ್ರದ ಗಡಿಗೆ ಹತ್ತಿರವಿರುವ ಆಳಂದ ತಾಲ್ಲೂಕಿನಲ್ಲಿ ಹಕ್ಕು ಬದಲಾವಣೆಗೆ 'ಫೇರಫಾರ' ಎಂಬ ಮರಾಠಿಯ ಪದವೂ ಅಪರಿಚಿತವೇನಲ್ಲ.

ಹಳೆಯ ದಾಖಲೆಗಳನ್ನು ಓದುವವರಿಗೆ

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯವರೆಗೆ ಈ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಇಲ್ಲಿನ ಎಷ್ಟೋ ಮನೆಗಳ ಟ್ರಂಕುಗಳಲ್ಲಿ ಉರ್ದು ಕಾಗದಗಳಿವೆ, ಮನೆಯಲ್ಲಿ ಅವುಗಳನ್ನು ಓದಬಲ್ಲವರಿಲ್ಲ. ಅಂತಹ ಕಾಗದವನ್ನು ಬೇರೆಯವರಿಂದ ಓದಿಸುವಾಗ ಇಂತಿಕಾಲ್ ಎಂಬ ಪದ ಬಂದರೆ ಎಚ್ಚರ ಬೇಕು. 'ಅಜ್ಜನ ಇಂತಿಕಾಲ್' ಎಂದಿದೆಯೋ, 'ಅಜ್ಜನ ಜಮೀನಿನ ಇಂತಿಕಾಲ್' ಎಂದಿದೆಯೋ ಎಂಬುದರ ಮೇಲೆ ಇಡೀ ಕಾಗದದ ಅರ್ಥ ನಿಂತಿದೆ. ಮೊದಲನೆಯದಾದರೆ ಅಜ್ಜ ತೀರಿದ ಮೇಲೆ ಮೊಮ್ಮಕ್ಕಳಿಗೆ ಹಕ್ಕು ಬಂದಿರಬಹುದು. ಎರಡನೆಯದಾದರೆ ಅಜ್ಜ ಬದುಕಿರುವಾಗಲೇ ಹೊಲ ಇನ್ನೊಬ್ಬರಿಗೆ ಹೋಗಿರಲೂಬಹುದು.

ತೇದಿಗಳ ವಿಷಯದಲ್ಲಿಯೂ ಹಾಗೆಯೇ. ಹೈದರಾಬಾದಿನ ದಾಖಲೆಗಳಲ್ಲಿ ಫಸಲಿ ವರ್ಷ ಇರುತ್ತದೆ. ಅದಕ್ಕೆ 590 ಅಥವಾ 591 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಹೈದರಾಬಾದಿನ ಭೂಕಂದಾಯ ಕಾಯಿದೆ 1317 ಫಸಲಿಯದು, ಎಂದರೆ 1907ರ ಸುಮಾರಿನದು. 1954–55ರಲ್ಲಿ ತಯಾರಾದ ಖಾಸ್ರಾ ಪಹಣಿ ಈ ಭಾಗದ ಜಮೀನುಗಳ ಇತಿಹಾಸ ಹುಡುಕುವವರಿಗೆ ಬಹಳ ಉಪಯುಕ್ತವಾದದ್ದು.

ಈಗ ಜಾರಿಯಲ್ಲಿರುವುದು 1964ರ ಕರ್ನಾಟಕ ಭೂಕಂದಾಯ ಅಧಿನಿಯಮ. ಅದರ 128ನೆಯ ಪ್ರಕರಣದಂತೆ ಉತ್ತರಾಧಿಕಾರ, ಪಾಲು, ಖರೀದಿ, ದಾನ ಮುಂತಾದವುಗಳಿಂದ ಹಕ್ಕು ಪಡೆದವರು ಮೂರು ತಿಂಗಳೊಳಗೆ ಗ್ರಾಮದ ಅಧಿಕಾರಿಗೆ ತಿಳಿಸಬೇಕು. ನೋಂದಾಯಿತ ಪತ್ರದಿಂದ ಬಂದ ಹಕ್ಕಿಗೆ ಇದರಿಂದ ವಿನಾಯಿತಿ ಇದೆ. 129ನೆಯ ಪ್ರಕರಣದಂತೆ ಅದನ್ನು ಹಕ್ಕು ಬದಲಾವಣೆಯ ವಹಿಯಲ್ಲಿ ಬರೆದು, ತಕರಾರಿಗೆ ಅವಕಾಶ ಕೊಟ್ಟು, ನಂತರ ಮಂಜೂರು ಮಾಡುತ್ತಾರೆ. ಮೂರು ತಿಂಗಳು ಹೋಗಲಿ, ಮೂವತ್ತು ವರ್ಷವಾದರೂ ಅಜ್ಜನ ಹೆಸರಿನಲ್ಲಿಯೇ ಪಹಣಿ ಇರುವ ಮನೆಗಳು ಅಪರೂಪವಲ್ಲ. ಬೆಳೆಸಾಲ, ಬೆಳೆಹಾನಿಯ ಪರಿಹಾರ, ವಿಮೆ ಇವೆಲ್ಲವೂ ಪಹಣಿಯಲ್ಲಿರುವ ಹೆಸರನ್ನು ಕೇಳುತ್ತವೆ. ಆಗ ಮರಣ ಪ್ರಮಾಣಪತ್ರಕ್ಕೂ ವಂಶವೃಕ್ಷಕ್ಕೂ ಅಲೆದಾಟ ಶುರುವಾಗುತ್ತದೆ. ಜನನ ಮರಣ ನೋಂದಣಿ ಅಧಿನಿಯಮ 1969ರದ್ದು. ಅದರ ಹಿಂದಿನ ಸಾವುಗಳಿಗೆ ಕಾಗದ ಸಿಗುವುದು ಇನ್ನೂ ಕಷ್ಟ.

ವಂಶವೃಕ್ಷ ಬರೆಸುವಾಗ ಹೆಚ್ಚಾಗಿ ಬಿಟ್ಟುಹೋಗುವುದು ಹೆಣ್ಣುಮಕ್ಕಳ ಹೆಸರು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ಗಂಡುಮಕ್ಕಳ ಜೊತೆಗೆ ಹೆಣ್ಣುಮಕ್ಕಳು, ಹೆಂಡತಿ ಮತ್ತು ತಾಯಿಯನ್ನು ಮೊದಲ ವರ್ಗದ ವಾರಸುದಾರರೆಂದು ಹೇಳುತ್ತದೆ. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮಾನ ಹಕ್ಕನ್ನು ಕರ್ನಾಟಕ 1994ರಲ್ಲಿಯೇ ತನ್ನ ತಿದ್ದುಪಡಿಯಿಂದ ಕೆಲವು ಷರತ್ತುಗಳೊಡನೆ ಕೊಟ್ಟಿತ್ತು; 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ವಿಸ್ತರಿಸಿತು. ಮುಸ್ಲಿಂ ಕುಟುಂಬಗಳಲ್ಲಿ ಪಾಲುಗಳನ್ನು ಶರಿಯತ್ ನಿಯಮಗಳು ನಿರ್ಧರಿಸುತ್ತವೆ. ಅಲ್ಲಿಯೂ ಹೆಂಡತಿಗೂ ಮಗಳಿಗೂ ಗೊತ್ತಾದ ಪಾಲಿದೆ. ಹೆಸರು ಬಿಟ್ಟ ಮಾತ್ರಕ್ಕೆ ಆ ಪಾಲು ಅಳಿಯುವುದಿಲ್ಲ.

ಏಕೆಂದರೆ ಖಾತೆ ಬದಲಾವಣೆಯು ಮಾಲಿಕತ್ವವನ್ನು ಹುಟ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ. ಕಂದಾಯ ಯಾರಿಂದ ವಸೂಲಿ ಮಾಡಬೇಕೆಂದು ಸರ್ಕಾರಕ್ಕೆ ತಿಳಿಯುವುದೇ ಅದರ ಮುಖ್ಯ ಉದ್ದೇಶ. ಸವರ್ಣಿ ವಿರುದ್ಧ ಇಂದರ್ ಕೌರ್ ಪ್ರಕರಣದಲ್ಲಿ (1996) ಸರ್ವೋಚ್ಚ ನ್ಯಾಯಾಲಯ ಇದನ್ನು ಸ್ಪಷ್ಟಪಡಿಸಿದೆ. ಪಹಣಿಯ ನಮೂದು ನಿಜವೆಂದು ಕಾನೂನು ಭಾವಿಸುತ್ತದೆ ಸರಿ, ಆದರೆ ಅದು ತಪ್ಪೆಂದು ಸಿದ್ಧವಾಗುವವರೆಗೆ ಮಾತ್ರ. ನಮೂದಿನಿಂದ ತಮ್ಮ ಹಕ್ಕಿಗೆ ಧಕ್ಕೆಯಾಯಿತೆಂದು ಭಾವಿಸುವವರು ಹಕ್ಕು ಘೋಷಣೆಗಾಗಿ ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದೆಂದು 1964ರ ಅಧಿನಿಯಮದ 135ನೆಯ ಪ್ರಕರಣವೇ ಹೇಳುತ್ತದೆ. ನ್ಯಾಯಾಲಯದ ತೀರ್ಪಿನಂತೆ ಪಹಣಿಯನ್ನು ತಿದ್ದಲಾಗುತ್ತದೆ.